ಪರದೇಶದಲ್ಲಿ ಯೋಧನ ಮಡದಿಯ ವೈದ್ಯೋಪಚಾರ

ಯುದ್ಧಗಳನ್ನು ಕುರಿತ ಗ್ರಂಥಗಳಲ್ಲಿ ಸೈನಿಕನ ಗಾಯದ ವಿಚಾರ ಬೇಕಾದಷ್ಟು ಬರುತ್ತದೆ. ಅವನ ಹೆಂಡತಿಯ ಜ್ವರದ ವಿಚಾರ ಬರುವುದಿಲ್ಲ. ಆದರೆ ಶಾಂತಿಯ ಕಾಲದಲ್ಲಿಯೂ ಹೊರನಾಡುಗಳಲ್ಲಿ ದಂಡನ್ನು ಇರಿಸಿರುವ ರಾಷ್ಟ್ರಕ್ಕೆ ಈ ಎರಡನೆಯದೇನೂ ಅಲ್ಪವಾದ ವಿಷಯವಲ್ಲ. ಹೆಂಡತಿ ತುಂಬಿದ ಬಸುರಿ, ಗಂಡ ತಿಂಗಳುಗಟ್ಟಲೆ ಹಡಗಿನ ಮೇಲೆ, ಮೊದಲ ಮಗುವಿಗೆ ಉಬ್ಬಸ, ನೆರೆಹೊರೆಯವರ ಭಾಷೆ ತಿಳಿಯದು, ತವರು ಸಮುದ್ರದಾಚೆ. ಇಂಥ ಹೆಂಗಸು ರಾತ್ರಿ ಎರಡು ಗಂಟೆಗೆ ಯಾವ ಆಸ್ಪತ್ರೆಯ ಬಾಗಿಲು ತಟ್ಟಬೇಕು? ಅಲ್ಲಿನ ಖರ್ಚನ್ನು ಕೊಡುವವರು ಯಾರು? ಈ ಸಾಧಾರಣವಾದ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಕಾನೂನು, ರಾಜನೀತಿ, ವೈದ್ಯ ಮೂರೂ ಒಂದಕ್ಕೊಂದು ಹೆಣೆದುಕೊಂಡಿರುವುದು ಕಾಣುತ್ತದೆ. ರಾಜ್ಯಶಾಸ್ತ್ರ, ಸಮಾಜಶಾಸ್ತ್ರಗಳನ್ನು ಓದುವ ನಮ್ಮ ವಿದ್ಯಾರ್ಥಿಗಳಿಗೆ ಇದು ಪ್ರಯೋಜನವಾದೀತೆಂದು ಭಾವಿಸಿ ಈ ಲೇಖನವನ್ನು ಬರೆದಿದ್ದೇನೆ. ಉದಾಹರಣೆಗೆ ಅಮೆರಿಕ ಸಂಯುಕ್ತ ಸಂಸ್ಥಾನವನ್ನು ಆರಿಸಿಕೊಂಡಿದ್ದೇನೆ. ಸಿಪಾಯಿಗಳನ್ನಷ್ಟೇ ಅಲ್ಲದೆ ಅವರ ಸಂಸಾರಗಳನ್ನೂ ಬೇರೆ ಬೇರೆ ದೇಶಗಳಲ್ಲಿ ದೊಡ್ಡ ಸಂಖ್ಯೆಯಲ್ಲಿ ಇರಿಸಿರುವ ರಾಷ್ಟ್ರ ಅದು.

ಈ ಪ್ರಶ್ನೆ ನಮ್ಮ ನಾಡಿಗೆ ಕೇವಲ ಹೊರಗಿನದೇನೂ ಅಲ್ಲ. 1809ರಲ್ಲಿ ಬೆಂಗಳೂರಿನ ದಂಡು ಪ್ರದೇಶ ಏರ್ಪಟ್ಟ ಮೇಲೆ ಬ್ರಿಟಿಷ್ ಪಡೆಗಳು ಅಲ್ಲಿಗೆ ಬಂದವು. ಕೆಲವು ಸಿಪಾಯಿಗಳ ಹೆಂಡಿರೂ ಜತೆಯಲ್ಲಿ ಬಂದರು. ಆ ಕಾಲದ ಬ್ರಿಟಿಷ್ ಸೈನ್ಯದಲ್ಲಿ ಸಿಪಾಯಿ ಮದುವೆಯಾಗಬೇಕಾದರೆ ಮೇಲಧಿಕಾರಿಯ ಅನುಮತಿ ಬೇಕಾಗಿತ್ತು. ಅನುಮತಿ ಪಡೆದು ಮದುವೆಯಾದವನ ಹೆಂಡತಿಯ ಹೆಸರು ಪಡೆಯ ಪಟ್ಟಿಗೆ ಸೇರುತ್ತಿತ್ತು. ಅವಳಿಗೆ ಬ್ಯಾರಕ್ಕಿನಲ್ಲಿ ತಂಗಲು ಒಂದು ಮೂಲೆ, ಪಡಿ, ಪಡೆಯ ವೈದ್ಯನ ಉಪಚಾರ ಇವೆಲ್ಲ ದೊರೆಯುತ್ತಿದ್ದವು. ಅನುಮತಿಯಿಲ್ಲದೆ ಮದುವೆಯಾದವನ ಹೆಂಡತಿಗೆ ಏನೂ ಇಲ್ಲ. ಪಡೆ ಹೊರದೇಶಕ್ಕೆ ಹೊರಟಾಗ ಪಟ್ಟಿಯಲ್ಲಿದ್ದವರಲ್ಲಿಯೂ ಯಾರು ಹಡಗು ಹತ್ತಬೇಕು, ಯಾರು ದಡದಲ್ಲಿ ಉಳಿಯಬೇಕು ಎಂದು ಚೀಟಿ ಎತ್ತಿ ತೀರ್ಮಾನಿಸುತ್ತಿದ್ದ ಕಾಲವೂ ಒಂದಿತ್ತು. ಚೀಟಿ ಎತ್ತುವ ಪದ್ಧತಿ ಹೋಯಿತು. ಪಟ್ಟಿ ಮಾತ್ರ ಹೋಗಲಿಲ್ಲ. ಬೇರೆ ಹೆಸರಿನಲ್ಲಿ ಇಂದಿಗೂ ಇದೆ. ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಈ ಪಟ್ಟಿಯ ವಿಚಾರವನ್ನೇ.

ಅಮೆರಿಕದಲ್ಲಿ ಸೈನಿಕರ ಕುಟುಂಬಗಳ ಉಪಚಾರಕ್ಕೆ ಮೊದಲ ಶಾಸನದ ಆಧಾರ ದೊರೆತದ್ದು 1884ರಲ್ಲಿ. ಸೈನ್ಯದ ವೈದ್ಯರು ಸಾಧ್ಯವಾದಾಗಲೆಲ್ಲ ಅಧಿಕಾರಿಗಳ ಮತ್ತು ಸಿಪಾಯಿಗಳ ಕುಟುಂಬದವರನ್ನೂ ಶುಲ್ಕವಿಲ್ಲದೆ ನೋಡತಕ್ಕದ್ದು ಎಂದು ಅಲ್ಲಿಯ ಕಾಂಗ್ರೆಸ್ಸು ವಿಧಿಸಿತು. ‘ಸಾಧ್ಯವಾದಾಗಲೆಲ್ಲ’ ಎಂಬ ಆ ಒಂದು ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಸೈನ್ಯದ ಆಸ್ಪತ್ರೆ ಮೊದಲು ಸೈನಿಕನಿಗಾಗಿ. ಅವನ ಹೆಂಡತಿಗೆ ಉಳಿದ ಜಾಗ, ಉಳಿದ ಹೊತ್ತು.

ಎರಡನೆಯ ಮಹಾಯುದ್ಧದಲ್ಲಿ ಈ ಏರ್ಪಾಡು ಸಾಲದಾಯಿತು. ಲಕ್ಷಾಂತರ ತರುಣರು ಸೈನ್ಯ ಸೇರಿದರು. ಅವರ ಎಳೆಯ ಹೆಂಡಿರು ಬಸುರಿಯರಾಗಿದ್ದರು. ಸಾಮಾನ್ಯ ಸಿಪಾಯಿಯ ಸಂಬಳದಲ್ಲಿ ಹೆರಿಗೆಯ ವೆಚ್ಚ ತೂಗುವಂತಿರಲಿಲ್ಲ. 1943ರಲ್ಲಿ ಕೆಳದರ್ಜೆಯ ಸಿಪಾಯಿಗಳ ಹೆಂಡಿರ ಹೆರಿಗೆಗೂ ಹಸುಗೂಸುಗಳ ಆರೈಕೆಗೂ ಸರಕಾರವೇ ಹಣ ಕೊಡುವ ತುರ್ತು ಯೋಜನೆಯೊಂದು ಜಾರಿಗೆ ಬಂದಿತು. ಅದು ಮುಗಿಯುವ ವೇಳೆಗೆ ಸುಮಾರು ಹನ್ನೆರಡು ಲಕ್ಷ ತಾಯಂದಿರು ಅದರ ಪ್ರಯೋಜನ ಪಡೆದಿದ್ದರು. ಯುದ್ಧ ಮುಗಿದ ಮರುವರ್ಷ, 1946ರ ಏಪ್ರಿಲ್ ತಿಂಗಳಲ್ಲಿ, ಅಮೆರಿಕದ ಸೈನಿಕ ಕುಟುಂಬಗಳ ಮೊದಲ ತಂಡ ಜರ್ಮನಿಯ ಬ್ರೆಮರ್‌ಹಾಫನ್ ಬಂದರಿನಲ್ಲಿ ಇಳಿಯಿತು. ಸೋತ ದೇಶದ ನೆಲದ ಮೇಲೆ ಗೆದ್ದ ದೇಶದ ಸಂಸಾರಗಳು ಒಲೆ ಹೂಡಿದ್ದು ಹೀಗೆ. 1956ರಲ್ಲಿ ಐಸೆನ್‌ಹೋವರ್ ಅಧ್ಯಕ್ಷರಾಗಿದ್ದಾಗ ಅವಲಂಬಿತರ ವೈದ್ಯೋಪಚಾರದ ಶಾಸನವಾಯಿತು. ಸೈನ್ಯದ ಆಸ್ಪತ್ರೆಯಲ್ಲಿ ಮಾತ್ರವಲ್ಲ, ಹೊರಗಿನ ಖಾಸಗಿ ವೈದ್ಯರಲ್ಲಿ ಪಡೆದ ಉಪಚಾರಕ್ಕೂ ಹಣ ಸಲ್ಲತಕ್ಕದ್ದು ಎಂಬ ತತ್ತ್ವ ಅಲ್ಲಿ ನೆಲೆಗೊಂಡಿತು. 1966ರಲ್ಲಿ ಅದರ ವ್ಯಾಪ್ತಿ ಇನ್ನೂ ಹಿಗ್ಗಿತು. 1990ರ ದಶಕದಿಂದ ಈಚೆಗೆ ಈ ಇಡೀ ಏರ್ಪಾಡಿಗೆ ‘ಟ್ರೈಕೇರ್’ ಎಂದು ಹೆಸರು.

ಇನ್ನು ಇದರ ಒಳಗಿನ ಕಟ್ಟನ್ನು ನೋಡೋಣ.

ಮೊದಲನೆಯ ಮೆಟ್ಟಿಲು ದಾಖಲೆ. ಸೈನಿಕನ ಕುಟುಂಬದವರ ಹೆಸರುಗಳನ್ನು ಬರೆದಿಡುವ ಒಂದು ಮಹಾ ದಫ್ತರವುಂಟು. ಅದನ್ನು ‘ಡೀರ್ಸ್’ ಎಂದು ಕರೆಯುತ್ತಾರೆ. ಅದರಲ್ಲಿ ಹೆಸರಿಲ್ಲದ ಹೆಂಡತಿ, ಎಷ್ಟೇ ಶಾಸ್ತ್ರೋಕ್ತವಾಗಿ ಮದುವೆಯಾಗಿದ್ದರೂ, ಆಸ್ಪತ್ರೆಯ ಲೆಕ್ಕದಲ್ಲಿ ಇಲ್ಲದವಳೇ. ಹೆಸರು ಬರೆಸಬೇಕಾದವನು ಗಂಡ. ಅವನಿಗೆ ಅಲ್ಲಿ ‘ಸ್ಪಾನ್ಸರ್’ ಎಂದು ಹೆಸರು, ಅಂದರೆ ಹೊಣೆಗಾರ. ಅವಳಿಗೆ ‘ಡಿಪೆಂಡೆಂಟ್’, ಅಂದರೆ ಅವಲಂಬಿತೆ. ಗಂಡ ದೂರದ ಕಾರ್ಯಕ್ಷೇತ್ರದಲ್ಲಿದ್ದು ರುಜು ಹಾಕಲು ಆಗದಿದ್ದರೆ ಅವನು ಬರೆದುಕೊಟ್ಟ ಮುಖ್ತ್ಯಾರುನಾಮೆ ಬೇಕು. ಹೊಸದಾಗಿ ಮದುವೆಯಾಗಿ, ಒಂದು ಮುಖ್ತ್ಯಾರುನಾಮೆಯನ್ನೂ ಬರೆದುಕೊಡದೆ ಗಂಡ ಹಡಗು ಹತ್ತಿಹೋದರೆ, ಅವಳು ಮದುವೆಯ ಪತ್ರ ಹಿಡಿದು ಕಚೇರಿಯಿಂದ ಕಚೇರಿಗೆ ತಿರುಗಬೇಕಾದೀತು. ಮಗು ಪರದೇಶದಲ್ಲಿ ಹುಟ್ಟಿದರೆ ಅದರ ಹೆಸರನ್ನೂ ಹೀಗೆಯೇ ಸೇರಿಸಬೇಕು. ಅದಕ್ಕೆ ಮೊದಲು ರಾಯಭಾರ ಕಚೇರಿಯಿಂದ ಜನನದ ಪತ್ರ ತರಬೇಕು.

ಎರಡನೆಯ ಮೆಟ್ಟಿಲು ಇದಕ್ಕಿಂತ ಕಡಿದಾದದ್ದು. ಗಂಡನಿಗೆ ಜರ್ಮನಿಗೋ ಜಪಾನಿಗೋ ವರ್ಗವಾದಾಗ ಅವನ ವರ್ಗಾವಣೆಯ ಹುಕುಮಿನಲ್ಲಿ ಹೆಂಡತಿಮಕ್ಕಳ ಹೆಸರುಗಳೂ ಇರಬೇಕು. ಸೈನ್ಯ ಅವರ ಪ್ರಯಾಣಕ್ಕೂ ವಸತಿಗೂ ಒಪ್ಪಿಗೆ ಕೊಟ್ಟಿದೆ ಎಂಬುದಕ್ಕೆ ಅದೇ ಸಾಕ್ಷಿ. ಅದರ ಹೆಸರು ‘ಕಮ್ಯಾಂಡ್ ಸ್ಪಾನ್ಸರ್‌ಶಿಪ್’. ಹಿಂದಿನ ಬ್ರಿಟಿಷ್ ಪಡೆಯ ಪಟ್ಟಿಯ ಮೊಮ್ಮಗು ಇದೇ ಎಂದರೆ ತಪ್ಪಾಗಲಾರದು. ಈ ಒಪ್ಪಿಗೆಯುಳ್ಳವಳು ‘ಪ್ರೈಮ್’ ಎಂಬ ಯೋಜನೆಗೆ ಸೇರಬಹುದು. ಸೇರುವುದಕ್ಕೆ ಶುಲ್ಕವಿಲ್ಲ. ಸೈನ್ಯದ ಚಿಕಿತ್ಸಾಲಯದಲ್ಲಿ ಅವಳಿಗೆಂದು ಗೊತ್ತುಪಡಿಸಿದ ವೈದ್ಯರಿರುತ್ತಾರೆ. ಅವರಿಂದ ಆಗದ್ದನ್ನು ಊರಿನ ಆಸ್ಪತ್ರೆಗೆ ಪತ್ರ ಬರೆದು ಕಳಿಸುತ್ತಾರೆ. ಒಪ್ಪಂದವಿರುವ ಆಸ್ಪತ್ರೆಯಾದರೆ ಅವಳು ಕೈಯಿಂದ ಹಣ ಕೊಡಬೇಕಾಗಿಲ್ಲ. ಪತ್ರವಿಲ್ಲದೆ ತಾನಾಗಿ ಹೋದರೆ, ವರ್ಷಕ್ಕೆ ಗೊತ್ತಾದ ಮೊತ್ತವನ್ನು ತಾನೇ ಭರಿಸಿದ ಮೇಲೂ ಉಳಿದ ಖರ್ಚಿನ ಅರ್ಧ ಅವಳದೇ. ಪ್ರಾಣಾಪಾಯದ ಹೊತ್ತಿನಲ್ಲಿ ಮಾತ್ರ ಈ ಕಟ್ಟಳೆಯಿಲ್ಲ. ಆಗ ಹತ್ತಿರದ ಯಾವ ಆಸ್ಪತ್ರೆಗಾದರೂ ಹೋಗಿ ಅನಂತರ ತಿಳಿಸಬಹುದು.

ಹುಕುಮಿನಲ್ಲಿ ಹೆಸರಿಲ್ಲದವಳ ಗತಿಯೇನು? ಕೊರಿಯದ ಉದಾಹರಣೆ ನೋಡಿ. ಅಲ್ಲಿ ಅಮೆರಿಕದ ಸೈನಿಕನು ಸಂಸಾರವಿಲ್ಲದೆ ಒಂದು ವರ್ಷ ಇದ್ದು ಬರಬೇಕೆಂಬುದು ಬಹುಕಾಲ ನಡೆದುಬಂದ ಸಾಮಾನ್ಯ ಪದ್ಧತಿ. ಆದರೂ ಗಂಡನನ್ನು ಬಿಟ್ಟಿರಲಾರದೆ ಸ್ವಂತ ಖರ್ಚಿನಲ್ಲಿ ಹೋಗಿ ಬಾಡಿಗೆ ಮನೆ ಹಿಡಿದ ಹೆಂಗಸರು ಎಷ್ಟೋ ಮಂದಿ. ಇಂಥವರು ‘ಪ್ರೈಮ್’ ಯೋಜನೆಗೆ ಸೇರುವಂತಿಲ್ಲ. ‘ಸೆಲೆಕ್ಟ್’ ಎಂಬ ಇನ್ನೊಂದು ಯೋಜನೆ ಅವರಿಗುಂಟು. ಅದರಲ್ಲಿ ಯಾವ ವೈದ್ಯರಲ್ಲಿಗೆ ಬೇಕಾದರೂ ಹೋಗಬಹುದು; ಆದರೆ ಹೊರದೇಶದಲ್ಲಿ ಸಾಮಾನ್ಯವಾಗಿ ಮೊದಲು ತಾವೇ ಹಣ ತೆತ್ತು, ರಸೀತಿ ಇಟ್ಟುಕೊಂಡು, ಆಮೇಲೆ ಅರ್ಜಿ ಹಾಕಿ ವಾಪಸು ಪಡೆಯಬೇಕು. ಪೂರ್ತಿಯೂ ಬರುವುದಿಲ್ಲ, ಒಂದು ಪಾಲು ಅವರದು. ಅರ್ಜಿ ಹಾಕಲು ಹೊರದೇಶದಲ್ಲಿ ಮೂರು ವರ್ಷ ಅವಕಾಶ, ಸ್ವದೇಶದಲ್ಲಾದರೆ ಒಂದೇ ವರ್ಷ. ಹಣ ಕೊಟ್ಟದ್ದಕ್ಕೆ ಸಾಕ್ಷಿಯಿಲ್ಲದ ಅರ್ಜಿ ಮುಂದೆ ಸಾಗುವುದಿಲ್ಲ. ಸೈನ್ಯದ ಆಸ್ಪತ್ರೆಯಲ್ಲಿ ಜಾಗವಿದ್ದರೆ ಅವರನ್ನೂ ನೋಡುತ್ತಾರೆ. 1884ರ ‘ಸಾಧ್ಯವಾದಾಗಲೆಲ್ಲ’ ಎಂಬ ಮಾತು ಇಲ್ಲಿ ಹೀಗೆ ಉಳಿದುಕೊಂಡಿದೆ.

ರೋಗ ಒಂದೇ, ದೇಶ ಒಂದೇ, ಗಂಡಂದಿರ ದರ್ಜೆಯೂ ಒಂದೇ ಇರಬಹುದು. ಆದರೂ ಒಬ್ಬಳು ಹಣ ಮುಟ್ಟದೆ ಮನೆಗೆ ಬರುತ್ತಾಳೆ, ಇನ್ನೊಬ್ಬಳು ಒಡವೆ ಅಡವಿಡಬೇಕೇನೋ ಎಂದು ಯೋಚಿಸುತ್ತಾಳೆ. ಇಬ್ಬರ ನಡುವಣ ಅಂತರ ಹುಕುಮಿನ ಕಾಗದದ ಮೇಲಿನ ಒಂದು ಸಾಲು. ಸೈನ್ಯದ ಪಕ್ಷದಲ್ಲಿಯೂ ನ್ಯಾಯವಿಲ್ಲದಿಲ್ಲ. ಅಪಾಯದ ಗಡಿಗೆ ಸಂಸಾರಗಳನ್ನು ತುಂಬಿಕೊಂಡರೆ ಅವರನ್ನು ಕಾಯುವವರು ಯಾರು ಎಂದು ಅದು ಕೇಳುತ್ತದೆ. 2016ರ ಮಾರ್ಚಿಯಲ್ಲಿ ತುರ್ಕಿಯ ಇಂಜಿರ್ಲಿಕ್ ಮೊದಲಾದ ಕಡೆಗಳಿಂದ ಸೈನಿಕರ ಕುಟುಂಬಗಳು ಅಪಾಯದ ಕಾರಣ ಹೊರಟುಬರಬೇಕೆಂದು ಆಜ್ಞೆಯಾಯಿತು. ಅಂಥ ಹೊತ್ತಿನಲ್ಲಿ ಬಸುರಿಯರೂ ರೋಗಿಗಳೂ ಮೊದಲ ಚಿಂತೆಯಾಗುತ್ತಾರೆ. ಆದರೆ ಬಂದಾಗಿಹೋದವಳ ಜ್ವರಕ್ಕೆ ಈ ವಾದ ಔಷಧಿಯಾಗುವುದಿಲ್ಲ.

ಹುಕುಮಿನಲ್ಲಿ ಹೆಸರು ಸೇರುವುದಕ್ಕೆ ಮೊದಲು ಇನ್ನೊಂದು ಪರೀಕ್ಷೆಯುಂಟು. ಇಡೀ ಕುಟುಂಬದ ಆರೋಗ್ಯದ ಚರಿತ್ರೆಯನ್ನು ತೆಗೆದು ನೋಡುತ್ತಾರೆ. ಹೆಂಡತಿಗೋ ಮಗುವಿಗೋ ವಿಶೇಷ ಚಿಕಿತ್ಸೆ ಬೇಕಾಗಿದ್ದು ಅದು ಆ ಠಾಣ್ಯದಲ್ಲಿ ದೊರೆಯದಿದ್ದರೆ ಒಪ್ಪಿಗೆ ಕೊಡುವುದಿಲ್ಲ. ಗಂಡ ಒಬ್ಬನೇ ಹೋಗಬೇಕು. ಇದು ರೋಗಿಯ ಹಿತಕ್ಕಾಗಿಯೇ ಮಾಡಿದ ನಿಯಮ. ಆದರೆ ಇದರ ನೆರಳೂ ಇದೆ. ಮನಸ್ಸಿಗೆ ಬೇಸರ ಹತ್ತಿ ನಿದ್ದೆ ಕಳೆದುಕೊಂಡವಳು ವೈದ್ಯರ ಬಳಿ ಹೋದರೆ ಅದು ದಾಖಲೆಯಾಗುತ್ತದೆ, ದಾಖಲೆಯಾದರೆ ತನ್ನನ್ನು ಅವಧಿಗೆ ಮುಂಚೆ ಊರಿಗೆ ಕಳಿಸಿಯಾರು, ಗಂಡನ ಬಡತಿಗೂ ಕುಂದಾದೀತು ಎಂದು ಹೆದರುತ್ತಾಳೆ. ಹೆದರಿಕೆ ನಿಜವೋ ಸುಳ್ಳೋ, ಅದು ಬಾಯಿ ಕಟ್ಟುವುದಂತೂ ನಿಜ. ಪರದೇಶದಲ್ಲಿ ಮುರಿದ ಕಾಲನ್ನು ಯಾವ ಭಾಷೆಯ ವೈದ್ಯನಾದರೂ ಕೂಡಿಸಿಯಾನು. ಮನಸ್ಸಿನ ನೋವಿಗೆ ತಾಯಿನುಡಿಯೇ ಬೇಕು. ಆ ನುಡಿ ಬಲ್ಲ ಮನೋವೈದ್ಯರು ಊರಲ್ಲಿ ಸಿಕ್ಕುವುದು ಅಪರೂಪ.

ಈಗ ಆಸ್ಪತ್ರೆಗಳ ಮಾತು. ಜರ್ಮನಿಯ ನೈಋತ್ಯದಲ್ಲಿ ಕೈಸರ್ಸ್‌ಲೌಟರ್ನ್ ನಗರದ ಹತ್ತಿರ ಲಾಂಡ್‌ಸ್ಟೂಲ್ ಎಂಬ ಸಣ್ಣ ಊರಿದೆ. ಅಲ್ಲಿಯ ಗುಡ್ಡದ ಮೇಲೆ 1953ರಲ್ಲಿ ತೆರೆದ ಸೈನಿಕ ಆಸ್ಪತ್ರೆ ಅಮೆರಿಕವು ತನ್ನ ನೆಲದ ಹೊರಗೆ ನಡೆಸುವ ಆಸ್ಪತ್ರೆಗಳಲ್ಲಿ ಎಲ್ಲಕ್ಕಿಂತ ದೊಡ್ಡದು. 2001ರ ಅನಂತರ ಆಫ್ಘಾನಿಸ್ತಾನದಲ್ಲಿಯೂ ಇರಾಕಿನಲ್ಲಿಯೂ ಗಾಯಗೊಂಡ ಸೈನಿಕರನ್ನು ವಿಮಾನದಲ್ಲಿ ತಂದು ಮೊದಲು ಇಳಿಸಿದ್ದು ಸಮೀಪದ ರಾಮ್‌ಸ್ಟೈನ್ ನಿಲ್ದಾಣದಲ್ಲಿ. ಸೇರಿಸಿದ್ದು ಈ ಆಸ್ಪತ್ರೆಯಲ್ಲಿ. ಶೀತಲ ಸಮರದ ಕಾಲದಲ್ಲಿ ಜರ್ಮನಿಯಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಅಮೆರಿಕದ ಸೈನಿಕರಿದ್ದರು. ಫ್ರಾಂಕ್‌ಫರ್ಟ್, ನ್ಯೂರೆಂಬರ್ಗ್, ವ್ಯೂರ್ಟ್ಸ್‌ಬರ್ಗ್, ಹೈಡೆಲ್‌ಬರ್ಗ್ ಎಲ್ಲೆಲ್ಲಿಯೂ ಅವರ ಆಸ್ಪತ್ರೆಗಳಿದ್ದವು. 1990ರಿಂದ ಈಚೆಗೆ ಸೈನ್ಯ ಕುಗ್ಗಿದಂತೆ ಅವು ಒಂದೊಂದಾಗಿ ಮುಚ್ಚಿದವು. ದೊಡ್ಡದೆಂದು ಉಳಿದದ್ದು ಲಾಂಡ್‌ಸ್ಟೂಲ್ ಒಂದೇ. ಆದರೆ ಸೈನಿಕರು ಅದರ ಸುತ್ತಲೇ ಇಲ್ಲವಲ್ಲ! ಬವೇರಿಯದ ಫಿಲ್ಸೆಕ್ ಠಾಣ್ಯದಿಂದ ಅಲ್ಲಿಗೆ ರಸ್ತೆಯಲ್ಲಿ ಹೆಚ್ಚುಕಡಮೆ ನಮ್ಮ ಬೆಂಗಳೂರಿನಿಂದ ಮಂಗಳೂರಿಗೆ ಇರುವಷ್ಟು ದೂರ. ಹೆರಿಗೆಯ ನೋವು ಅಷ್ಟು ಹೊತ್ತು ಕಾಯುವುದಿಲ್ಲ. ಆದಕಾರಣ ಅಲ್ಲಿಯ ಕುಟುಂಬಗಳು ಸಣ್ಣಪುಟ್ಟದ್ದಕ್ಕೆ ಠಾಣ್ಯದ ಚಿಕಿತ್ಸಾಲಯವನ್ನೂ, ಹೆರಿಗೆ ಶಸ್ತ್ರಕ್ರಿಯೆಗಳಿಗೆ ಅಂಬರ್ಗ್, ವೈಡನ್ ಮೊದಲಾದ ಊರುಗಳ ಜರ್ಮನ್ ಆಸ್ಪತ್ರೆಗಳನ್ನೂ ಆಶ್ರಯಿಸುತ್ತ ಬಂದಿವೆ.

ಅಲ್ಲಿಗೆ ಹೋದ ಅಮೆರಿಕದ ಹೆಂಗಸಿಗೆ ಎಷ್ಟೋ ಹೊಸದು. ಮೈ ಒರೆಸುವ ಟವಲು, ರಾತ್ರಿ ಉಡುಪು ಎಲ್ಲವನ್ನೂ ಮನೆಯಿಂದಲೇ ಒಯ್ಯಬೇಕು. ಕೋಣೆಯಲ್ಲಿ ಸಾಮಾನ್ಯವಾಗಿ ಇನ್ನೊಬ್ಬ ರೋಗಿಯೂ ಇರುತ್ತಾಳೆ. ನೋವಿನ ಗುಳಿಗೆಯನ್ನು ಅಮೆರಿಕದ ವೈದ್ಯರಷ್ಟು ಧಾರಾಳವಾಗಿ ಕೊಡುವುದಿಲ್ಲ. ಇದನ್ನು ಕಠಿಣತೆ ಎಂದು ತಿಳಿಯುವವರುಂಟು; ಅದು ಅಲ್ಲಿಯ ವೈದ್ಯದ ರೀತಿ, ಅಷ್ಟೇ. ಬದಲಿಗೆ ಹೆರಿಗೆಯಾದ ಮೇಲೆ ಸೂಲಗಿತ್ತಿಯೇ ಮನೆಗೆ ಬಂದು ತಾಯಿ ಮಗುವನ್ನು ನೋಡಿಹೋಗುವ ಪದ್ಧತಿ ಆ ನಾಡಿನಲ್ಲುಂಟು. ಹಾಗೆ ಬರುವವಳು ಓದಿ, ಪರೀಕ್ಷೆ ಮುಗಿಸಿ, ಪರವಾನಗಿ ಪಡೆದವಳು.

ಜರ್ಮನಿಯಲ್ಲಿ ಪ್ರತಿಯೊಬ್ಬ ಬಸುರಿಗೂ ‘ಮುಟ್ಟರ್‌ಪಾಸ್’ ಎಂಬ ಚಿಕ್ಕ ಪುಸ್ತಕ ಕೊಡುತ್ತಾರೆ. ಅದು 1961ರಲ್ಲಿ ಬಳಕೆಗೆ ಬಂದದ್ದು. ರಕ್ತದ ಗುಂಪು, ಹಿಂದಿನ ಹೆರಿಗೆಗಳು, ತಿಂಗಳು ತಿಂಗಳ ತೂಕ, ರಕ್ತದೊತ್ತಡ ಎಲ್ಲವನ್ನೂ ಅದರಲ್ಲಿ ಗುರುತು ಹಾಕುತ್ತಾರೆ. ಅವಳು ಅದನ್ನು ಸದಾ ಚೀಲದಲ್ಲಿಟ್ಟುಕೊಂಡಿರಬೇಕು. ಜಪಾನಿನಲ್ಲಿ ಇದಕ್ಕೂ ಮೊದಲೇ, 1948ರಲ್ಲಿ, ತಾಯಿ ಮಗುವಿನ ಕೈಹೊತ್ತಗೆ ಬಂದಿತ್ತು. ನಮ್ಮ ಹಳ್ಳಿಗಳ ಬಸುರಿಯರು ಹಿಡಿದು ಬರುವ ‘ತಾಯಿ ಕಾರ್ಡ್’ ಕಂಡವರಿಗೆ ಇದರ ಬೆಲೆ ವಿವರಿಸಬೇಕಾಗಿಲ್ಲ. ಭಾಷೆ ಬಾರದ ಊರಿನಲ್ಲಿ ಪ್ರಜ್ಞೆ ತಪ್ಪಿ ಬಂದ ಹೆಂಗಸಿನ ಪರವಾಗಿ ಮಾತಾಡುವುದು ಆ ಪುಸ್ತಕ. ದೊಡ್ಡ ಯಂತ್ರಗಳ ದಾಖಲೆ ಒಂದು ದೇಶದಿಂದ ಇನ್ನೊಂದು ದೇಶದ ಆಸ್ಪತ್ರೆಗೆ ಹೋಗಲು ಅನುಮತಿ ಬೇಕು, ತಂತಿ ಬೇಕು. ಪುಸ್ತಕಕ್ಕೆ ಚೀಲವೊಂದಿದ್ದರೆ ಸಾಕು.

ಭಾಷೆಯ ತೊಡಕನ್ನು ಬಿಡಿಸಲು ಸೈನ್ಯದ ಚಿಕಿತ್ಸಾಲಯಗಳು ದುಭಾಷಿಗಳನ್ನು ಇರಿಸಿವೆ. ಎರಡು ನುಡಿಗಳನ್ನೂ ಬಲ್ಲ ಇವರು ಊರಿನ ಆಸ್ಪತ್ರೆಗೆ ಹೋಗಿ ರೋಗಿಯ ಮಂಚದ ಬಳಿ ನಿಲ್ಲುತ್ತಾರೆ. ಆದರೆ ಅವರೂ ಮನುಷ್ಯರು. ಹಗಲೂ ರಾತ್ರಿಯೂ ಎಲ್ಲ ಕಡೆ ಇರಲಾರರು. ಆದ್ದರಿಂದ ಬಲ್ಲ ಹೆಂಗಸರು ತಮಗೆ ಒಗ್ಗದ ಔಷಧಿಗಳ ಹೆಸರನ್ನು ಆ ದೇಶದ ಭಾಷೆಯಲ್ಲಿ ಬರೆಸಿ ಇಟ್ಟುಕೊಂಡಿರುತ್ತಾರೆ. ಆಂಬುಲೆನ್ಸಿಗೆ ಜರ್ಮನಿಯಲ್ಲಿ 112, ಜಪಾನು ಕೊರಿಯಗಳಲ್ಲಿ 119. ಅಮೆರಿಕದಲ್ಲಿ ಅಭ್ಯಾಸವಾದ 911 ಎಂಬ ಸಂಖ್ಯೆ ಊರೊಳಗಿನ ಬಾಡಿಗೆ ಮನೆಯಲ್ಲಿ ನೆನಪಿಗೆ ಬಂದು ಪ್ರಯೋಜನವಿಲ್ಲ.

ಜಪಾನಿನ ವಿಷಯದಲ್ಲಿ ಒಂದು ಎಚ್ಚರಿಕೆ ಮುಖ್ಯವಾದದ್ದು. ಅಮೆರಿಕದಲ್ಲಿ ವೈದ್ಯರು ಸಲೀಸಾಗಿ ಬರೆದುಕೊಡುವ ಕೆಲವು ಔಷಧಿಗಳು ಅಲ್ಲಿ ನಿಷಿದ್ಧ. ಗಮನ ನಿಲ್ಲದ ಕಾಯಿಲೆಗೆ ಕೊಡುವ, ಆಂಫೆಟಮೀನ್ ಇರುವ ‘ಆಡರಾಲ್’ ಗುಳಿಗೆಯನ್ನು ವೈದ್ಯರ ಚೀಟಿ ಇದ್ದರೂ ಆ ದೇಶಕ್ಕೆ ಒಯ್ಯುವಂತಿಲ್ಲ. ನೆಗಡಿಗೆ ನುಂಗುವ ಕೆಲವು ಮಾತ್ರೆಗಳೂ, ಅವುಗಳಲ್ಲಿ ಸೂಡೋಎಫೆಡ್ರಿನ್ ಶೇಕಡ 10ಕ್ಕಿಂತ ಹೆಚ್ಚಿದ್ದರೆ, ಕೂಡದು. ತಾಯಿ ಪ್ರೀತಿಯಿಂದ ಅಂಚೆಯಲ್ಲಿ ಕಳಿಸಿದ ನೆಗಡಿಯ ಮಾತ್ರೆ ಮಗಳನ್ನು ಸುಂಕದವರ ಮುಂದೆ ನಿಲ್ಲಿಸಬಹುದು.

ಸೈನ್ಯದ ದೊಡ್ಡ ಆಸ್ಪತ್ರೆಗಳು ಆ ದೇಶದಲ್ಲಿ ಯೊಕೊಸುಕ, ಒಕಿನಾವ ಮೊದಲಾದ ಕೆಲವೇ ಕಡೆಗಳಲ್ಲಿವೆ. ದೂರದ ಠಾಣ್ಯಗಳಲ್ಲಿ ಹೆರಿಗೆಯ ಸೌಕರ್ಯವಿಲ್ಲದಾಗ ಬಸುರಿಯನ್ನು ದಿನ ತುಂಬುವುದಕ್ಕೆ ಕೆಲವು ವಾರ ಮುಂಚೆಯೇ ದೊಡ್ಡ ಆಸ್ಪತ್ರೆಯ ಊರಿಗೆ ಕಳಿಸಿ, ಅಲ್ಲಿ ವಸತಿ ಕೊಟ್ಟು ಕಾಯಿಸುತ್ತಾರೆ. ಇದನ್ನು ಆ ಜನ ‘ಸ್ಟಾರ್ಕ್ ನೆಸ್ಟಿಂಗ್’ ಎನ್ನುತ್ತಾರೆ. ಕೊಕ್ಕರೆ ಗೂಡು ಕಟ್ಟುವುದು ಎಂದು ಅರ್ಥ. ನಮ್ಮಲ್ಲಿಯೂ ಚೊಚ್ಚಲಿಗೆ ಹೆಣ್ಣು ತವರಿಗೆ ಹೋಗುತ್ತಾಳೆ. ಆದರೆ ಅಲ್ಲಿ ಎದುರುಗೊಳ್ಳಲು ತಾಯಿ ಇರುತ್ತಾಳೆ, ಎಣ್ಣೆ ನೀರು ಹಾಕುವ ಅಜ್ಜಿ ಇರುತ್ತಾಳೆ. ಈ ಕೊಕ್ಕರೆ ಗೂಡಿನಲ್ಲಿ ಇರುವುದು ಮಂಚವೊಂದು, ಗೋಡೆಯೊಂದು. ಗಂಡನಿಗೆ ಕೆಲಸದಿಂದ ಬಿಡುವು ಸಿಕ್ಕರೆ ಬಂದಾನು. ವೈದ್ಯದ ದೃಷ್ಟಿಯಿಂದ ಇದಕ್ಕಿಂತ ಸುರಕ್ಷಿತವಾದ ಏರ್ಪಾಡಿಲ್ಲವೆಂದು ಒಪ್ಪಿಕೊಂಡರೂ ನನಗೆ ಆ ಚಿತ್ರ ಹಿತವೆನಿಸುವುದಿಲ್ಲ.

ಇಷ್ಟು ಹೊತ್ತೂ ಹೆಂಡತಿ ಎಂದೇ ಬರೆದೆ. ಕಾನೂನು ಕೂಡ ಬಹುಕಾಲ ಹಾಗೆಯೇ ಬರೆದಿತ್ತು. ಸೈನಿಕನ ಹೆಂಡತಿ ತಾನೇ ಎಷ್ಟು ಗಳಿಸುತ್ತಿದ್ದರೂ ಅವಲಂಬಿತೆ. ಸೈನ್ಯದಲ್ಲಿರುವ ಹೆಂಗಸಿನ ಗಂಡನಾದರೋ ತನ್ನ ಜೀವನದ ಅರ್ಧಕ್ಕಿಂತ ಹೆಚ್ಚು ಅವಳಿಂದಲೇ ಸಾಗುತ್ತದೆಂದು ರುಜುವಾತು ಮಾಡಿದರೆ ಮಾತ್ರ ಉಪಚಾರಕ್ಕೆ ಅರ್ಹ. ಶ್ಯಾರನ್ ಫ್ರಾಂಟಿಯೆರೊ ಎಂಬ ವಾಯುಪಡೆಯ ಲೆಫ್ಟಿನೆಂಟ್ ಇದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದಳು. 1973ರ ಮೇ ತಿಂಗಳಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು, ಒಂಬತ್ತು ಮಂದಿ ನ್ಯಾಯಾಧೀಶರಲ್ಲಿ ಎಂಟು ಮಂದಿ ಒಂದು ಕಡೆಯಾಗಿ, ಈ ಭೇದ ಸಂವಿಧಾನಕ್ಕೆ ಒಪ್ಪುವಂಥದಲ್ಲವೆಂದು ತೀರ್ಪು ಕೊಟ್ಟಿತು. ಅಂದಿನಿಂದ ಗಂಡಂದಿರಿಗೂ ಅದೇ ಹಕ್ಕು. 2013ರಲ್ಲಿ ಅದೇ ಕೋರ್ಟಿನ ಇನ್ನೊಂದು ತೀರ್ಪಿನ ಅನಂತರ ಒಂದೇ ಲಿಂಗದ ದಂಪತಿಗಳಿಗೂ ಅದು ದೊರೆಯಿತು.

ಮದುವೆ ಮುರಿದರೆ? ಹಕ್ಕು ಗಂಡನ ಮೂಲಕ ಬಂದದ್ದು. ಅವನ ಸಂಬಂಧ ಹೋದರೆ ಅದೂ ಸಾಮಾನ್ಯವಾಗಿ ಹೋಗುತ್ತದೆ. ಇಪ್ಪತ್ತು ವರ್ಷ ಊರೂರು ತಿರುಗಿ, ಸ್ವಂತ ಉದ್ಯೋಗ ಎಲ್ಲಿಯೂ ನಿಲ್ಲದೆ ಸಂಸಾರ ಸಾಗಿಸಿದ ಹೆಂಗಸು ವಿಚ್ಛೇದನದ ಮರುದಿನ ವೈದ್ಯೋಪಚಾರವಿಲ್ಲದವಳಾಗುತ್ತಿದ್ದಳು. ಇದನ್ನು ಸರಿಪಡಿಸಲು 1982ರಲ್ಲಿ ಶಾಸನವಾಯಿತು. ಅದರಿಂದ ಬಂದ ನಿಯಮಕ್ಕೆ ‘ಇಪ್ಪತ್ತು-ಇಪ್ಪತ್ತು-ಇಪ್ಪತ್ತು’ ಎಂದು ಹೆಸರು. ಮದುವೆ ಇಪ್ಪತ್ತು ವರ್ಷ ಬಾಳಿರಬೇಕು, ಗಂಡನ ಸೇವೆ ಇಪ್ಪತ್ತು ವರ್ಷವಾಗಿರಬೇಕು, ಎರಡೂ ಇಪ್ಪತ್ತು ವರ್ಷ ಒಟ್ಟಿಗೆ ಸಾಗಿರಬೇಕು. ಆಗ, ಅವಳು ಮರುಮದುವೆಯಾಗದೆ ಇದ್ದರೆ, ಹಕ್ಕು ಉಳಿಯುತ್ತದೆ. ಒಟ್ಟಿಗೆ ಸಾಗಿದ ಕಾಲ ಹದಿನೈದು ವರ್ಷವಷ್ಟೇ ಆಗಿದ್ದರೆ ಒಂದು ವರ್ಷ ಮಾತ್ರ. ಗಂಡನೇ ಹಿಂಸಿಸಿ ಅದರಿಂದ ಅವನು ಸೈನ್ಯದಿಂದ ಹೊರಬಿದ್ದ ಪಕ್ಷದಲ್ಲಿ ಹೆಂಡತಿಮಕ್ಕಳಿಗೆ ಕೆಲವು ಕಾಲ ಆಸರೆ ಕೊಡುವ ಕಟ್ಟಳೆ 1990ರ ದಶಕದಲ್ಲಿ ಬಂದಿತು. ಅದಕ್ಕೆ ಮೊದಲು ಅಂಥವಳು ಪೆಟ್ಟನ್ನು ಹೇಳಿಕೊಂಡರೆ ಗಂಡನ ಕೆಲಸವೂ, ಅದರೊಡನೆ ಆ ಪೆಟ್ಟಿಗೆ ಮದ್ದು ಕೊಡುವ ಆಸ್ಪತ್ರೆಯೂ ಒಟ್ಟಿಗೆ ಕೈಬಿಡುತ್ತಿದ್ದವು. ಮದುವೆಯಾಗಿ ಹತ್ತೊಂಬತ್ತು ವರ್ಷ ಹನ್ನೊಂದು ತಿಂಗಳಿಗೆ ಬಿಟ್ಟುಬಂದವಳಿಗೆ ಇಪ್ಪತ್ತರ ನಿಯಮ ಇಂದಿಗೂ ಅನ್ವಯಿಸುವುದಿಲ್ಲ. ಗರಿಷ್ಠ ಮೂವತ್ತಾರು ತಿಂಗಳವರೆಗೆ ತಾನೇ ಕಂತು ಕಟ್ಟಿ ವಿಮೆಯನ್ನು ಮುಂದುವರಿಸಿಕೊಳ್ಳುವ ಅವಕಾಶ ಅವಳಿಗುಂಟು. ಅದಕ್ಕೂ ಹಳೆಯ ಹಕ್ಕು ಮುಗಿದ ಅರವತ್ತು ದಿನಗಳೊಳಗೆ ಅರ್ಜಿ ಕೊಡಬೇಕು.